ರೇಡಿಯೊದ ಬೆನ್ನು ನೋಡಿದವರು

ರೇಡಿಯೊ ಕೇಳುವವರು ಅದರ ಮುಖದ ಕಡೆ ಕೂರುತ್ತಾರೆ. ಅದರ ಬೆನ್ನು ನೋಡಿಕೊಂಡು ಕೂತು ಹಾಡು ಕೇಳಿದವರನ್ನು ನಾನು ಕಂಡಿದ್ದು ಒಬ್ಬರನ್ನೇ. ಅವರು ಪದ್ದಮ್ಮನವರು.

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಗೇಟು ದಾಟಿದ ಕೂಡಲೇ ಸಿಗುವ ಮೊದಲ ಮನೆ ಅವರದು. ಆ ಮನೆಯ ಕಿಟಕಿ ಅಂಗಳಕ್ಕೆ ತೆರೆಯುತ್ತಿತ್ತು. ಕಿಟಕಿಯ ಒಳಗಡೆ, ಸರಳುಗಳಿಗೆ ಒತ್ತಿಕೊಂಡ ಹಾಗೆ, ದೊಡ್ಡ ಮರದ ರೇಡಿಯೊ. ಅದರ ಮುಖ ಅಂಗಳದ ಕಡೆಗೆ, ಬೆನ್ನು ಮನೆಯ ಕಡೆಗೆ. ಅಂಗಳದಲ್ಲಿ ಕೂತ ನಮಗೆ ಹಳದಿ ದೀಪ ಹತ್ತಿದ ಗಾಜು, ಊರುಗಳ ಹೆಸರು, ಸರಿಯುವ ಕೆಂಪು ಕಡ್ಡಿ ಎಲ್ಲ ಕಾಣುತ್ತಿತ್ತು. ಪದ್ದಮ್ಮನವರಿಗೆ ಕಾಣುತ್ತಿದ್ದದ್ದು ತೂತು ತೂತಿನ ಕಂದು ರಟ್ಟು, ಜೋತುಬಿದ್ದ ವೈರುಗಳು, ತೂತಿನೊಳಗಿಂದ ಕೆಂಡದ ಹಾಗೆ ಹೊಳೆಯುವ ವಾಲ್ವುಗಳು, ಅಷ್ಟೇ. ಅವರು ಒಂದು ಎತ್ತರದ ಸ್ಟೂಲಿನ ಮೇಲೆ ಅದರ ಹಿಂದೆ ಕೂರುತ್ತಿದ್ದರು. ನಮಗೆ ಅವರ ಮುಖ ಪೂರ್ತಿ ಕಾಣುತ್ತಿರಲಿಲ್ಲ. ರೇಡಿಯೊದ ತಲೆಯ ಮೇಲೆ ನರೆತ ಕೂದಲು, ಬರಿ ಹಣೆ, ದಪ್ಪ ಕನ್ನಡಕ ಮತ್ತು ಮೂಗಿನ ತುದಿ ಕಾಣುತ್ತಿದ್ದವು. ಹೊಸದಾಗಿ ನೋಡಿದವರಿಗೆ ರೇಡಿಯೊಗೇ ಕನ್ನಡಕ ಹಾಕಿದ ಹಾಗೆ ಅನ್ನಿಸುತ್ತಿತ್ತು.

ಸ್ಟೇಷನ್ ಬದಲಾಯಿಸಬೇಕಾದರೆ ಅವರು ಎದ್ದು ಮುಂದಕ್ಕೆ ಬರುತ್ತಿರಲಿಲ್ಲ. ಹಿಂದಿನಿಂದಲೇ ಎರಡೂ ಕೈ ಸುತ್ತಿ ತಂದು, ರೇಡಿಯೊವನ್ನು ತಬ್ಬಿಕೊಂಡ ಹಾಗೆ ಮಾಡಿ, ಬೆರಳಿನ ಅಂದಾಜಿನಲ್ಲೇ ತಿರುಪು ತಿರುಗಿಸುತ್ತಿದ್ದರು. ಹೆಂಗಸರು ಕನ್ನಡಿ ಇಲ್ಲದೆ ತಮ್ಮ ಜಡೆಯನ್ನು ತಾವೇ ಹೆಣೆದುಕೊಳ್ಳುವುದಿಲ್ಲವೇ, ಹಾಗೆ. ಅಂಗಳದಿಂದ ಯಾರಾದರೂ, "ಇನ್ನೊಂಚೂರು ಈಚೆಗೆ ಪದ್ದಮ್ಮನೋರೇ" ಅಂದರೆ, "ನಿಂಗೆ ಈಚೆ ಅಂದ್ರೆ ನಂಗೆ ಆಚೆ ಕಣೋ. ಸುಮ್ನಿರು" ಅನ್ನುತ್ತಿದ್ದರು. ರೇಡಿಯೊ ಗರಗರ ಅಂದರೆ ಕೂಗಿ ಹೇಳುತ್ತಿದ್ದರು, "ಯಾರಾದ್ರೂ ತುಳಸಿಗೆ ಒಂದು ಚೊಂಬು ನೀರು ಹಾಕ್ರಪ್ಪ." ರೇಡಿಯೊದ ಅರ್ತಿಂಗ್ ತಂತಿಯನ್ನು ತುಳಸಿ ಕಟ್ಟೆಯ ಮಣ್ಣಿನಲ್ಲಿ ಹೂತಿದ್ದರು. ಮಣ್ಣು ಒದ್ದೆಯಾದರೆ ಹಾಡು ತಿಳಿಯಾಗುತ್ತಿತ್ತು. ನಮ್ಮ ವಠಾರದ ತುಳಸಿಯಷ್ಟು ಸೊಂಪಾದ ತುಳಸಿ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ನಾನು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಕೊರಟಗೆರೆಯಿಂದ ಆ ವಠಾರದ ಕೊನೆಯ ಕೋಣೆಗೆ ಬಂದಾಗ ನನಗೆ ಇಪ್ಪತ್ತೈದು ವರ್ಷ. ಎಪ್ಪತ್ತರ ದಶಕದ ನಡುವಿನ ಮಾತು. ಸರ್ಕಾರಿ ಆಫೀಸೊಂದರಲ್ಲಿ ಜವಾನನ ಕೆಲಸ ಸಿಕ್ಕಿತ್ತು. ಏಳನೇ ಕ್ಲಾಸಿಗೆ ಬಿಟ್ಟ ಓದನ್ನು ಮತ್ತೆ ಹಿಡಿದು ಎಸ್ಸೆಸ್ಸೆಲ್ಸಿ ಪಾಸು ಮಾಡಬೇಕು ಎಂಬ ಹಟ ಇತ್ತು. ಎರಡನೇ ಮನೆಯ ಶೇಷಾದ್ರಿ ಮೇಷ್ಟ್ರು ನನಗೆ ಇಂಗ್ಲಿಷು, ಲೆಕ್ಕ ಹೇಳಿಕೊಡಲು ಒಪ್ಪಿದ್ದರು. ಆ ವಯಸ್ಸಿನಲ್ಲಿ ಪಾಟಿ ಹಿಡಿದವನನ್ನು ನೋಡಿ ನಗದೇ ಇದ್ದ ಮೊದಲ ಓದಿದ ಮನುಷ್ಯ ಅವರು. ಹಾಗಾಗಿ ಅವರ ಮುಂದೆ ನಾನು ಉಸಿರನ್ನೂ ನೋಡಿಕೊಂಡು ಬಿಡುತ್ತಿದ್ದೆ.

ಬಂದ ದಿನ ಸಂಜೆಯೇ ಕಿಟಕಿಯಿಂದ ಕನ್ನಡಕ ಕರೆಯಿತು.

"ಏನಪ್ಪಾ ಹೆಸ್ರು?"

"ನಂಜುಂಡ, ಅಮ್ಮಾ."

"ನಿಂಗೆ ಗುರುವಾರ."

ನನಗೆ ಗೊತ್ತಾಗಲಿಲ್ಲ. "ಏನು ಗುರುವಾರ ಅಮ್ಮಾ? ಉಪವಾಸವಾ?"

ಅಂಗಳದಲ್ಲಿ ಕೂತವರೆಲ್ಲ ನಕ್ಕರು. "ಉಪವಾಸ ಅಲ್ಲ ಕಣೋ, ಊಟ. ನಲ್ಲಿ ಹತ್ರ ಗೋಡೆ ನೋಡು" ಅಂದರು ಪದ್ದಮ್ಮನವರು.

ನಲ್ಲಿಯ ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆದಿತ್ತು. ಎಡಗಡೆ, ಯಾವ ಮನೆಯವರು ಎಷ್ಟು ಹೊತ್ತಿಗೆ ನೀರು ಹಿಡಿಯಬೇಕು ಎಂಬ ಸರದಿ. ಬಲಗಡೆ, ದೀಪ ಹಚ್ಚಿದ ಮೇಲಿನ ಒಂದು ಗಂಟೆ ರೇಡಿಯೊದಲ್ಲಿ ಯಾರಿಗೆ ಬೇಕಾದದ್ದು ಬರಬೇಕು ಎಂಬ ಸರದಿ. ಏಳು ಮನೆ, ಏಳು ದಿನ. ಸೋಮವಾರ ಮೇಷ್ಟ್ರದು, ಕರ್ನಾಟಕ ಸಂಗೀತ. ಮಂಗಳವಾರ ನಗರ್ತಪೇಟೆಯಲ್ಲಿ ಅಂಗಡಿ ಇದ್ದ ಟೈಲರ್ ಬಾಬಣ್ಣನದು, ಹಿಂದಿ ಹಾಡು. ಶುಕ್ರವಾರ ಬಸ್ ಕಂಡಕ್ಟರನ ಹೆಂಡತಿ ಜಯಮ್ಮನದು, ಕನ್ನಡ ಚಿತ್ರಗೀತೆ. ಹೀಗೆ. ಗುರುವಾರ ಕೊನೆಯ ಕೋಣೆಯದು. ನನಗಿಂತ ಮೊದಲು ಆ ಕೋಣೆಯಲ್ಲಿದ್ದವನು ಗುರುವಾರವೂ ಚಿತ್ರಗೀತೆಯನ್ನೇ ಕೇಳಿಸಿ ಇಡೀ ವಠಾರದ ಪ್ರೀತಿ ಗಳಿಸಿ ಹೋಗಿದ್ದನಂತೆ.

ಪದ್ದಮ್ಮನವರು ಇದನ್ನು ಸರದಿ ಅನ್ನುತ್ತಿರಲಿಲ್ಲ, ವಾರ ಅನ್ನುತ್ತಿದ್ದರು. ಅದಕ್ಕೊಂದು ಕಾರಣ ಇತ್ತು. ಅವರ ಯಜಮಾನರು ಬಡ ಹುಡುಗನಾಗಿ ಇದೇ ಚಾಮರಾಜಪೇಟೆಗೆ ಓದಲು ಬಂದು ವಾರಾನ್ನ ಉಂಡು ಬೆಳೆದವರು. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಇನ್ನೊಂದು ಮನೆ, ಹಾಗೆ ಏಳು ಮನೆ. ಮುಂದೆ ಗುಮಾಸ್ತರಾಗಿ, ಆ ರೇಡಿಯೊ ತಂದರು. ಆದರೆ ವಾರ್ತೆ ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲ. ವಾರ್ತೆ ಮುಗಿದ ಕೂಡಲೇ ಕಸೂತಿ ಬಟ್ಟೆ ಹೊದಿಸಿಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಪದ್ದಮ್ಮನವರು ಒಂದು ಸಂಜೆ ಬಟ್ಟೆ ತೆಗೆದು ರೇಡಿಯೊ ಹಾಕಿದರಂತೆ.

"ಹಾಕಿದ್ದೇನೋ ಹಾಕ್ದೆ ಕಣಪ್ಪ. ನಂಗೇನು ಇಷ್ಟ ಅಂತ ನಂಗೇ ಗೊತ್ತಾಗ್ಲಿಲ್ಲ. ಯಾರೂ ಯಾವತ್ತೂ ಕೇಳಿರ್ಲಿಲ್ವಲ್ಲ. ಅದಕ್ಕೇ ಕಿಟಕೀಗೆ ತಿರುಗ್ಸಿಟ್ಟು ವಠಾರದೋರ್ನೆಲ್ಲಾ ಕೇಳ್ದೆ. ಅವರು ಏಳು ಮನೆ ಅನ್ನ ಉಂಡ್ರು. ನಾನು ಏಳು ಮನೆ ಹಾಡು ಉಣ್ತಿದೀನಿ."

ಈ ಕತೆ ನನಗೆ ಗೊತ್ತಾದದ್ದು ಆಮೇಲೆ. ಮೊದಲ ದಿನ ಅವರು ಕೇಳಿದ್ದು ಒಂದೇ ಮಾತು. "ನಿಂಗೇನು ಇಷ್ಟಾನೋ?"

ನನಗೆ ಇಷ್ಟವಾದದ್ದು ಏನು ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಊರಿನಲ್ಲಿ ಆಂಜನೇಯನ ಗುಡಿಯ ಭಜನೆಯಲ್ಲಿ ಹತ್ತು ವರ್ಷ ತಾಳ ಹಾಕಿದವನು ನಾನು. ತತ್ವಪದ, ಸೋಬಾನೆ, ಲಾವಣಿ ಕೇಳಿದರೆ ನನ್ನ ಕೈ ತಾನೇ ಏಳುತ್ತಿತ್ತು. ಆದರೆ ಕಿಟಕಿಯ ಎದುರಿನ ಕಲ್ಲುಕಟ್ಟೆಯ ಮೇಲೆ ಶೇಷಾದ್ರಿ ಮೇಷ್ಟ್ರು ಕೂತಿದ್ದರು. ಹಳ್ಳಿ ಪದ ಬೇಕು ಅಂದರೆ, ಇವನಿಗೆ ಎಲ್ಲಿಯ ಇಂಗ್ಲಿಷು ಎಂದುಕೊಂಡಾರು ಎಂದು ಹೆದರಿಕೆಯಾಯಿತು.

"ಶಾಸ್ತ್ರೀಯ ಸಂಗೀತ ಅಮ್ಮಾ" ಅಂದೆ.

ಬಾಬಣ್ಣ ಹಣೆ ಚಚ್ಚಿಕೊಂಡ. "ಅಯ್ಯೋ ಗುರು! ಸೋಮವಾರದ್ದು ಸಾಲ್ದು ಅಂತ ಗುರುವಾರಾನೂ ಆಲಾಪನೇನಾ? ಎಲ್ಲಿಂದ ಬಂದ್ಯಪ್ಪಾ ನೀನು?"

ಮೇಷ್ಟ್ರು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ಆ ನೋಟಕ್ಕೋಸ್ಕರ ನಾನು ಮೂರು ತಿಂಗಳು ಪಟ್ಟ ಕಷ್ಟ ದೇವರಿಗೇ ಗೊತ್ತು. ಗುರುವಾರ ಬಂತೆಂದರೆ ನಾನು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಬೇಕು. ನನ್ನ ವಾರ ಅಲ್ಲವೇ. ಕಚೇರಿ ಶುರುವಾಗಿ ಹತ್ತು ನಿಮಿಷಕ್ಕೆ ಕಣ್ಣು ಎಳೆಯುತ್ತಿತ್ತು. ತಲೆ ತೂಗಿದರೆ ಸಂಗೀತಕ್ಕೆ ತೂಗಿದೆ ಎಂದು ಜನ ಅಂದುಕೊಳ್ಳಲಿ ಎಂದು ಕಣ್ಣು ಮುಚ್ಚಿಯೇ ಕೂರುತ್ತಿದ್ದೆ. ಒಂದು ದಿನ ಮೇಷ್ಟ್ರು ಮೆಲ್ಲಗೆ ಕೇಳಿದರು, "ಯಾವ ರಾಗ ಇದು, ಹೇಳು ನೋಡೋಣ?"

"ನಂಗೆ ಭಾಳ ಇಷ್ಟವಾದ್ದು ಸಾರ್" ಅಂದೆ.

ಹಿಂದಿನಿಂದ ಜಯಮ್ಮ ಕಿಸಕ್ಕೆಂದಳು. ಅವಳಿಗೆ ಅಲ್ಲಿಂದ ಎದ್ದು ಹೋಗುವ ಹಾಗೂ ಇರಲಿಲ್ಲ, ಬಾಗಿಲು ಮುಚ್ಚಿಕೊಳ್ಳುವ ಹಾಗೂ ಇರಲಿಲ್ಲ. ಅದು ಪದ್ದಮ್ಮನವರ ಕಾನೂನು. ಬೇರೆಯವರ ವಾರದಲ್ಲಿ ಇಷ್ಟವಿಲ್ಲದಿದ್ದರೆ ಅವರೆಕಾಯಿ ಸುಲಿ, ಹೂ ಕಟ್ಟು, ನಿದ್ದೆ ಬೇಕಾದರೂ ಮಾಡು, ಬಾಗಿಲು ಮಾತ್ರ ಹಾಕಬೇಡ. "ನೀರಿಗೆ ಜಗಳ ಆಡಿ, ನಾನು ಬೇಡ ಅನ್ನಲ್ಲ. ನೀರು ನಿಂತ್ಹೋಗತ್ತೆ. ಹಾಡಿಗೆ ಯಾಕ್ರೇ ಮುಖ ಊದಿಸ್ಕೊತೀರಾ" ಅನ್ನುತ್ತಿದ್ದರು.

ನನ್ನ ಬಣ್ಣ ಬಯಲಾದದ್ದು ಅವರೆಕಾಯಿ ಕಾಲದಲ್ಲಿ. ಅಂಗಳದ ನಡುವೆ ಕಾಯಿಯ ರಾಶಿ, ಸುತ್ತ ಎಲ್ಲ ಮನೆಯವರು ಕೂತು ಸುಲಿಯುತ್ತಿದ್ದರು. ನಾನೂ ಒಂದು ಮೊರ ಹಿಡಿದುಕೊಂಡು ಕೂತಿದ್ದೆ. ಪದ್ದಮ್ಮನವರು ನನ್ನ ಕಚೇರಿಯನ್ನು ಹುಡುಕಲು ಹಿಂದಿನಿಂದ ತಿರುಪು ತಿರುಗಿಸುತ್ತಿದ್ದರು. ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ, ಒಂದೆರಡು ಕ್ಷಣ, ಏಕತಾರಿಯ ಜೊತೆ ಒಂದು ಗಂಡು ದನಿ ಹಾದುಹೋಯಿತು. ಆ ಮೇಲೆ ಗರಗರ. ಆ ಮೇಲೆ ಕಚೇರಿ. ಯಾರೂ ಗಮನಿಸಲಿಲ್ಲ ಎಂದುಕೊಂಡೆ.

ಆ ಭಾನುವಾರ ಬೆಳಿಗ್ಗೆ ಪದ್ದಮ್ಮನವರು ಅಟ್ಟದಿಂದ ಡಬ್ಬ ಇಳಿಸಿಕೊಡಲು ಕರೆದರು. ಇಳಿಸಿ ಕೊಟ್ಟೆ. ಕಾಫಿ ಲೋಟ ಕೈಗಿಟ್ಟು ಕೇಳಿದರು.

"ಏನೋ ನಂಜುಂಡ, ಮೂರು ತಿಂಗ್ಳಿಂದ ಗುರುವಾರ ಗುರುವಾರ ಕೂತ್ಕೊಂಡು ನಿದ್ದೆ ಮಾಡ್ತಿದೀಯಲ್ಲ?"

"ಇಲ್ಲ ಅಮ್ಮಾ, ತಲ್ಲೀನ ಆಗಿರ್ತೀನಿ."

"ಗೊರಕೆ ಹೊಡ್ಯೋ ತಲ್ಲೀನಾನ ನಾನು ನೋಡಿಲ್ಲಪ್ಪ. ಮೊನ್ನೆ ಆ ಏಕತಾರಿ ಬಂದು ಹೋಯ್ತಲ್ಲ, ಆಗ ನಿನ್ನ ಕೈಲಿದ್ದ ಅವರೆಕಾಯಿ ಹಂಗೇ ನಿಂತ್ಹೋಯ್ತು. ಮುಖ ನೋಡ್ದೆ ನಾನು. ಹಸ್ದೋರ್ನ ಊಟಕ್ಕೆ ಕರೆದಾಗ ಮುಖ ಆಗತ್ತಲ್ಲ, ಹಂಗಾಯ್ತು."

"ನೀವು ಹಿಂದೆ ಇರ್ತೀರ. ನನ್ನ ಮುಖ ಹೆಂಗೆ ನೋಡಿದ್ರಿ ಅಮ್ಮಾ?"

ಅವರು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಅದಕ್ಕೇ ತಾನೇ ನಾನು ಹಿಂದೆ ಕೂರೋದು? ರೇಡಿಯೋ ಮುಖದಲ್ಲಿ ಏನಿದೆ ನೋಡೋಕೆ? ಒಂದು ದೀಪ, ಒಂದು ಕಡ್ಡಿ. ಕೇಳೋರ ಮುಖ ನೋಡ್ಬೇಕು ಕಣೋ. ನಂಗೆ ಅದೇ ಸಂಗೀತ."

ನಾನು ಎಲ್ಲ ಒಪ್ಪಿಕೊಂಡೆ. ಗುಡಿಯ ಭಜನೆ, ತಾಳ, ಮೇಷ್ಟ್ರ ಹೆದರಿಕೆ, ಎಲ್ಲ. ಅವರು ನಗಲಿಲ್ಲ. "ಸರಿ, ಕಾಫಿ ಕುಡಿ, ಆರ್ಹೋಗತ್ತೆ" ಅಂದರು.

ಮುಂದಿನ ಗುರುವಾರ ರೇಡಿಯೊ ಬಿಸಿಯಾಗಿ ದನಿ ಬಂದಾಗ ಕೇಳಿಸಿದ್ದು ಕಚೇರಿಯಲ್ಲ. ಹಳ್ಳಿಯವರಿಗೆಂದು ಬರುತ್ತಿದ್ದ ಕಾರ್ಯಕ್ರಮ. ಒಬ್ಬರು ತಿಪಟೂರಿನ ಕೊಬ್ಬರಿ ಧಾರಣೆ ಓದುತ್ತಿದ್ದರು.

"ಪದ್ದಮ್ಮನೋರೇ, ಸ್ಟೇಷನ್ ತಪ್ಪಿದೆ!" ಎಂದು ಬಾಬಣ್ಣ ಕೂಗಿದ.

"ತಪ್ಪಿಲ್ಲ. ಇವತ್ತು ನಂಜುಂಡನ ವಾರ."

ಕೊಬ್ಬರಿ ಆಯಿತು, ಕಡಲೆಕಾಯಿ ಆಯಿತು. ಆಮೇಲೆ ಕುರಿಗಳ ಕಾಲುಬಾಯಿ ಜ್ವರಕ್ಕೆ ಏನು ಮಾಡಬೇಕು ಎಂದು ಒಬ್ಬ ಡಾಕ್ಟರು ನಿಧಾನವಾಗಿ ವಿವರಿಸಿದರು. ವಠಾರದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಗುರು, ನಿನ್ನ ರೂಮಲ್ಲಿ ಎಷ್ಟು ಕುರಿ ಸಾಕಿದೀಯ?" ಎಂದು ಬಾಬಣ್ಣ ಕೇಳಿದ. ನನ್ನ ಕಿವಿ ಸುಡುತ್ತಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿ, "ಇದು ನೀನು ಕೇಳಿದ್ದಾ?" ಅಂದರು. ರೇಡಿಯೊದ ಮೇಲಿನ ಕನ್ನಡಕ ನನ್ನನ್ನೇ ನೋಡುತ್ತಿತ್ತು. ಅಮ್ಮನವರ ತಪ್ಪು ಸಾರ್ ಅಂದುಬಿಡಬಹುದಿತ್ತು. ಅಂದಿದ್ದರೆ ಅವರು ಅದನ್ನೂ ಒಪ್ಪಿಕೊಳ್ಳುತ್ತಿದ್ದರು.

"ಹೌದು ಸಾರ್, ನಾನೇ ಕೇಳಿದ್ದು. ಇದೇ ನಂಗೆ ಇಷ್ಟ. ಅವತ್ತು ಸುಳ್ಳು ಹೇಳ್ದೆ."

ಅಷ್ಟರಲ್ಲಿ ಕುರಿಗಳು ಮುಗಿದು ಹಾಡು ಶುರುವಾಯಿತು. ದಪ್ಪಿನ ಬಡಿತ, ತಾಳ, ಮೇಳದವರ ದನಿ. ನನ್ನ ಕೈ ತೊಡೆಯ ಮೇಲೆ ತಾನೇ ಎದ್ದು ಬೀಳತೊಡಗಿತು. ಮೇಷ್ಟ್ರು ಹಾಡು ಪೂರ್ತಿ ಕೇಳಿದರು. ಮುಗಿದ ಮೇಲೆ ಹೇಳಿದರು, "ಶ್ರುತಿ ಸ್ವಲ್ಪ ಆಚೀಚೆ. ತಾಳ ಮಾತ್ರ ಗಟ್ಟಿ ಇದೆ." ಎದ್ದು ಪಂಚೆ ಕೊಡವಿಕೊಂಡು, ನನಗೊಬ್ಬನಿಗೇ ಕೇಳಿಸುವ ಹಾಗೆ, "ವಾರಕ್ಕೆ ಎರಡು ಕಚೇರಿ ನಂಗೂ ಸ್ವಲ್ಪ ಜಾಸ್ತೀನೇ ಆಗ್ತಿತ್ತಪ್ಪ. ನಾಳೆ ಟೆನ್ಸಸ್ ಓದ್ಕೊಂಡು ಬಾ" ಅಂದರು.

ಎರಡು ತಿಂಗಳಲ್ಲಿ ಜಯಮ್ಮ ಗುರುವಾರಕ್ಕೆ ಕಾಯಲು ಶುರು ಮಾಡಿದಳು. ಅತ್ತೆಯನ್ನು ಬಯ್ಯುವ ಪದಗಳು ಅವಳಿಗೆ ಬಹಳ ಹಿಡಿಸಿದವು. ಅವಳ ಅತ್ತೆ ಪಕ್ಕದಲ್ಲೇ ಕೂತು, "ಸೊಸೇನ ಬಯ್ಯೋದು ಯಾವಾಗ ಬರತ್ತೋ ನಂಜುಂಡ?" ಎಂದು ಕೇಳುತ್ತಿದ್ದರು.

ಭಾನುವಾರ ಪದ್ದಮ್ಮನವರದೇ ವಾರ. ಆದರೆ ಅವರು ಅದನ್ನು ಒಂದು ಸಲವೂ ತಾವು ಇಟ್ಟುಕೊಂಡದ್ದನ್ನು ನಾನು ನೋಡಲಿಲ್ಲ. ಜ್ವರ ಬಂದ ಮಗುವಿಗೆ, ತವರಿನಿಂದ ಹೊಸದಾಗಿ ಬಂದ ಸೊಸೆಗೆ, ಯಾರ ಮನಸ್ಸು ಸರಿಯಿಲ್ಲವೋ ಅವರಿಗೆ ಕೊಟ್ಟುಬಿಡುತ್ತಿದ್ದರು. ನಾನು ಮೊದಲ ಸಲ ಎಸ್ಸೆಸ್ಸೆಲ್ಸಿ ಕಟ್ಟಿ ಲೆಕ್ಕದಲ್ಲಿ ಫೇಲಾದೆ. ಆ ಭಾನುವಾರ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಸಂಜೆ ಅವರೇ ಬಂದು ಬಾಗಿಲು ತಟ್ಟಿದರು.

"ಫೇಲಾದೋರಿಗೆ ಒಂದು ಭಾನುವಾರ. ಏನು ಹಾಕ್ಲಿ ಹೇಳು."

"ಏನೂ ಬೇಡ ಅಮ್ಮಾ."

"ಏನೂ ಬೇಡ್ವಾ? ಸರಿ. ಅದೂ ಒಂದು ಇಷ್ಟಾನೇ. ಈಚೆಗೆ ಬಂದು ಕೂತ್ಕೊ."

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಅವರು ರೇಡಿಯೊ ಹಾಕಿದರು. ಹಳದಿ ದೀಪ ಹತ್ತಿತು. ತಿರುಪನ್ನು ಎರಡು ಸ್ಟೇಷನ್ನುಗಳ ನಡುವೆ ನಿಲ್ಲಿಸಿ, ದನಿಯನ್ನು ಪೂರ್ತಿ ಇಳಿಸಿದರು. ಸಣ್ಣ ಗುಂಯ್ ಬಿಟ್ಟರೆ ಏನೂ ಇಲ್ಲ. ವಠಾರದ ಕಾನೂನಿನಂತೆ ಎಲ್ಲರೂ ಬಾಗಿಲು ತೆರೆದುಕೊಂಡು, ಮಾತಾಡದೆ, ಒಂದು ಗಂಟೆ ಆ ಏನೂ ಇಲ್ಲದ್ದನ್ನು ಕೇಳಿದರು. ಅರ್ಧ ಗಂಟೆಯಾದ ಮೇಲೆ ಬಾಬಣ್ಣ ನನ್ನ ಕಿವಿಯಲ್ಲಿ, "ಇದ್ಯಾವ ಸ್ಟೇಷನ್ ಗುರು? ಚೆನ್ನಾಗಿ ಬರ್ತಿದೆ" ಅಂದ. ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಕನ್ನಡಕ ಎರಡನ್ನೂ ನೋಡಿತು. ಮುಂದಿನ ಸಲ ನಾನು ಪಾಸಾದೆ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಹಾಡು ಕೇಳುವ ರೀತಿಯೇ ಬದಲಾಗತೊಡಗಿತು. ಮೊದಲು ಹೋದದ್ದು ಮಂಗಳವಾರ. ಬಾಬಣ್ಣ ಉಪ್ಪಾರಪೇಟೆಯ ಕಡೆಯಿಂದ ಒಂದು ಟೇಪ್ ರೆಕಾರ್ಡರ್ ತಂದ. ತನಗೆ ಬೇಕಾದ ಹಾಡುಗಳ ಪಟ್ಟಿ ಬರೆದು ಅಂಗಡಿಗೆ ಕೊಟ್ಟರೆ ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಡುತ್ತಿದ್ದರು. ಬೇಡದ ಹಾಡು ಬಂದರೆ ಓಡಿಸಬಹುದು, ಬೇಕಾದ ಹಾಡನ್ನು ಹತ್ತು ಸಲ ಕೇಳಬಹುದು. "ನನ್ನ ವಾರ ಬೇರೆ ಯಾರಿಗಾದ್ರೂ ಕೊಡಿ ಪದ್ದಮ್ಮನೋರೇ. ನಂಗೀಗ ದಿನಾ ಮಂಗಳವಾರ" ಎಂದು ಅವನು ಖುಷಿಯಿಂದಲೇ ಹೇಳಿದ. ಅವರೂ ಖುಷಿಯಿಂದಲೇ, "ಒಳ್ಳೇದಾಯ್ತು ಬಿಡೋ" ಅಂದರು. ಆಮೇಲೆ ಒದ್ದೆ ಬಟ್ಟೆ ತಂದು ಗೋಡೆಯ ಮೇಲಿನ ಅವನ ಹೆಸರನ್ನು ಒರೆಸಿದರು.

ಜಯಮ್ಮನ ಮನೆಗೆ ಟ್ರಾನ್ಸಿಸ್ಟರ್ ಬಂತು. ಅದನ್ನು ಒಲೆಯ ಪಕ್ಕ ಇಟ್ಟುಕೊಂಡು ಕೇಳುತ್ತಲೇ ಅಡಿಗೆ ಮಾಡಬಹುದಿತ್ತು. ಇನ್ನೊಂದು ಮನೆಗೆ ಟೀವಿ ಬಂತು. ಮೇಷ್ಟ್ರು ರಿಟೈರಾಗಿ ಮೈಸೂರಿಗೆ ಹೋದರು. ಸಂಜೆ ಹೊತ್ತು ಒಂದೊಂದು ಮನೆಯಿಂದ ಒಂದೊಂದು ಹಾಡು ಬಂದು ಅಂಗಳದಲ್ಲಿ ಡಿಕ್ಕಿ ಹೊಡೆಯುತ್ತಿದ್ದವು. ಬಾಗಿಲು ಹಾಕಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಯಾರನ್ನೂ ಬಯ್ಯುವ ಹಾಗಿರಲಿಲ್ಲ. ಬೇಕಾದದ್ದು ಬೇಕಾದಾಗ ಕೇಳುವುದು ಯಾರಿಗೆ ಬೇಡ?

ಒಂದು ದಿನ ಪದ್ದಮ್ಮನವರು ಗೋಡೆ ನೋಡುತ್ತಾ ನಿಂತಿದ್ದರು. ಬಲಗಡೆಯ ಸಾಲಿನಲ್ಲಿ ಅವರ ಹೆಸರು ಮತ್ತು ನನ್ನದು ಎರಡೇ ಉಳಿದಿದ್ದವು. "ನಮ್ಮೋರು ಹೇಳ್ತಿದ್ರು ಕಣೋ. ವಾರದ ಮನೆಯೋರು ಊರಿಗೆ ಹೋಗಿ ಬಾಗ್ಲು ಹಾಕಿದ್ರೆ ಅವತ್ತು ನಲ್ಲೀಲಿ ನೀರು ಕುಡ್ದು ಮಲಗ್ತಿದ್ರಂತೆ. ಯಾರಿಗೂ ಹೇಳ್ತಿರ್ಲಿಲ್ವಂತೆ" ಅಂದರು.

"ನನ್ನ ಗುರುವಾರ ಇದೆಯಲ್ಲ ಅಮ್ಮಾ. ನಾನೆಲ್ಲೂ ಹೋಗಲ್ಲ" ಎಂದು ನಾನು ಮಾತು ಕೊಟ್ಟೆ.

ಮಾತು ಕೊಟ್ಟ ಆರು ತಿಂಗಳಿಗೆ ನಾನೂ ಒಂದು ಸಣ್ಣ ಟ್ರಾನ್ಸಿಸ್ಟರ್ ತಂದೆ. ಆ ಹೊತ್ತಿಗೆ ನಾನು ಗುಮಾಸ್ತನಾಗಿದ್ದೆ. ಅವರಿಗೆ ಕಾಣದ ಹಾಗೆ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ಗುಂಡಿ ಅದರ ಜೊತೆ ಬಂದಿತ್ತು. ಹಾಕಿಕೊಂಡರೆ ಪಕ್ಕದ ಗೋಡೆಗೂ ಕೇಳಿಸುತ್ತಿರಲಿಲ್ಲ. ಗುರುವಾರ ಮಾತ್ರ ತಪ್ಪದೆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ. ಒಬ್ಬನೇ.

ಒಂದು ಸಲ ಇಂಗ್ಲೆಂಡಿನಲ್ಲಿ ಕ್ರಿಕೆಟ್ ಮ್ಯಾಚು. ಅಲ್ಲಿಯ ಮಧ್ಯಾಹ್ನ ಅಂದರೆ ನಮಗೆ ಸಂಜೆ. ಆಫೀಸಿನಿಂದ ಬಂದವನೇ ಬಾಗಿಲು ಹಾಕಿಕೊಂಡು, ಗುಂಡಿಯನ್ನು ಕಿವಿಗೆ ಸಿಕ್ಕಿಸಿ ಕಾಮೆಂಟರಿಯಲ್ಲಿ ಮುಳುಗಿಬಿಟ್ಟೆ. ವಾರ ಯಾವುದು ಎಂದು ತಲೆಗೇ ಬರಲಿಲ್ಲ. ಒಂದು ವಿಕೆಟ್ ಬಿದ್ದ ಮೇಲೆ, ನೀರು ಕುಡಿಯೋಣವೆಂದು ಕೊಡ ನೋಡಿದರೆ ಖಾಲಿ. ಗುಂಡಿ ತೆಗೆದಿಟ್ಟು, ಚೊಂಬು ಹಿಡಿದು ಬಾಗಿಲು ತೆಗೆದೆ.

ಅಂಗಳದಲ್ಲಿ ತತ್ವಪದ ಬರುತ್ತಿತ್ತು. ಕಿಟಕಿಯಲ್ಲಿ ಹಳದಿ ದೀಪ ಹತ್ತಿದ ರೇಡಿಯೊ, ಅದರ ಮೇಲೆ ಕನ್ನಡಕ. ಕನ್ನಡಕ ಖಾಲಿ ಕಟ್ಟೆಯನ್ನು ನೋಡುತ್ತಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿತ್ತೋ. ತುಳಸಿಯ ಮಣ್ಣು ಒದ್ದೆಯಾಗಿತ್ತು. ದನಿ ಚೆನ್ನಾಗಿ ಬರಲಿ ಎಂದು ಅವರೇ ಇಳಿದು ಬಂದು ನೀರು ಹಾಕಿದ್ದರು.

ಚೊಂಬನ್ನು ಅಲ್ಲೇ ಕೆಳಗಿಟ್ಟೆ. "ಅಮ್ಮಾ..." ಅಂದೆ.

"ಸ್ಕೋರೆಷ್ಟಾಯ್ತಪ್ಪ?" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಸ್ಕೋರು ಕೇಳಿದ ಹಾಗೇ ಇತ್ತು. ಟ್ರಂಕಿನ ಗುಟ್ಟು ಅವರಿಗೆ ಯಾವತ್ತಿನಿಂದಲೋ ಗೊತ್ತಿತ್ತು.

ನಾನು ಓಡಿ ಹೋಗಿ ಕಟ್ಟೆಯ ಮೇಲೆ ಕೂತೆ. ಹಾಡಿನ ಕೊನೆಯ ಸಾಲು ಮಾತ್ರ ಉಳಿದಿತ್ತು. ಅದನ್ನೂ ನಾನು ಸರಿಯಾಗಿ ಕೇಳಲಿಲ್ಲ. ನನ್ನ ಮುಖದಲ್ಲಿ ಅವರಿಗೆ ಆ ದಿನ ಏನು ಸಿಕ್ಕಿತೋ ಗೊತ್ತಿಲ್ಲ, ಸಂಗೀತವಂತೂ ಅಲ್ಲ.

ಅದಾದ ಮೇಲೆ ನಾನು ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಆದರೆ ಮದುವೆಯಾಯಿತು. ಒಂದೇ ಕೋಣೆ ಸಾಲದೆ ಶ್ರೀರಾಂಪುರಕ್ಕೆ ಮನೆ ಬದಲಾಯಿಸಿದೆ. ಹೊರಡುವ ದಿನ ಗೋಡೆಯ ಮೇಲಿನ ನನ್ನ ಹೆಸರನ್ನು ನಾನೇ ಒರೆಸಲು ಹೋದೆ. "ಬಿಡೋ, ಅದು ಹಂಗೇ ಇರ್ಲಿ" ಅಂದರು.

ಆಗಾಗ ಬಾರೋ ಎಂದೂ ಹೇಳಿದ್ದರು, ನಾನು ಹೋಗಿದ್ದು ಮೂರು ವರ್ಷವಾದ ಮೇಲೆ. ಆಫೀಸಿನ ಕೆಲಸದ ಮೇಲೆ ಚಾಮರಾಜಪೇಟೆಗೆ ಹೋಗಿದ್ದೆ, ಕೆಲಸ ಬೇಗ ಮುಗಿದಿತ್ತು. ದೀಪ ಹಚ್ಚುವ ಹೊತ್ತು. ಗೇಟು ತೆರೆದು ಒಳಗೆ ಹೆಜ್ಜೆ ಇಟ್ಟವನು ಅಲ್ಲೇ ನಿಂತೆ.

ಕಿಟಕಿಯಲ್ಲಿ ರೇಡಿಯೊದ ಬೆನ್ನು ಕಾಣುತ್ತಿತ್ತು.

ಅಷ್ಟು ವರ್ಷ ಆ ಅಂಗಳದಲ್ಲಿ ಕೂತಿದ್ದರೂ ನಾನು ಅದನ್ನು ಅಲ್ಲಿಂದ ನೋಡಿದ್ದು ಅದೇ ಮೊದಲು. ಕಂದು ರಟ್ಟು, ತೂತುಗಳು, ಒಳಗೆ ಕೆಂಡದ ಹಾಗೆ ವಾಲ್ವುಗಳು. ಪದ್ದಮ್ಮನವರು ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ಹಳದಿ ಬೆಳಕು ಅವರ ಮುಖದ ಮೇಲೆ ಬಿದ್ದಿತ್ತು. ಒಳಗಿನಿಂದ ಕೊಬ್ಬರಿ ಧಾರಣೆ ಕೇಳಿಸುತ್ತಿತ್ತು.

"ಯಾರು? ನಂಜುಂಡನಾ?" ಎಂದು ಕನ್ನಡಕ ಎತ್ತಿ ನೋಡಿದರು. "ನಿನ್ನ ವಾರ ಅಂತ ನೆನಪಿಟ್ಕೊಂಡು ಬಂದ್ಯಾ, ಸುಮ್ನೆ ಬಂದ್ಯಾ?"

ಆ ದಿನ ಗುರುವಾರ ಎಂದು ನನಗೆ ಹೊಳೆದದ್ದು ಆಗ. "ನೆನಪಿಟ್ಕೊಂಡೇ ಬಂದೆ ಅಮ್ಮಾ" ಅಂದೆ.

"ಸುಳ್ಳು ಹೇಳೋದನ್ನ ಇನ್ನೂ ಕಲೀಲಿಲ್ಲ ನೀನು. ಎಸ್ಸೆಸ್ಸೆಲ್ಸಿ ಮಾಡಿ ಏನು ಬಂತು?"

ನಲ್ಲಿಯ ಗೋಡೆಯ ಕಡೆ ನೋಡಿದೆ. ಎಡಗಡೆಯ ಸಾಲಿನಲ್ಲಿ ಹೊಸ ಬಾಡಿಗೆಯವರ ಹೆಸರುಗಳು. ಬಲಗಡೆ ಅವರ ನಡುಗುವ ಅಕ್ಷರದಲ್ಲಿ ಹಳೆಯ ಏಳೂ ಹೆಸರುಗಳನ್ನು ಮತ್ತೆ ಬರೆದಿದ್ದರು.

"ಇದೇನಮ್ಮಾ?"

"ಮತ್ತಿನ್ನೇನು ಮಾಡ್ಲಿ? ದಿನಾ ನೀರು ಕುಡ್ದು ಮಲಗೋಕಾಗತ್ತಾ? ಸೋಮವಾರ ಮೇಷ್ಟ್ರ ಕಚೇರಿ ಹಾಕ್ತೀನಿ. ಮಂಗಳವಾರ ಬಾಬಣ್ಣನ ಹಿಂದಿ, ಒಂದಕ್ಷರ ಅರ್ಥ ಆಗಲ್ಲ. ಗುರುವಾರ ನಿನ್ನ ಕುರಿ, ಕೊಬ್ಬರಿ. ಕಣ್ಣು ಮುಚ್ಕೊಂಡ್ರೆ ನಿಮ್ಮ ನಿಮ್ಮ ಮುಖ ಬರತ್ತೆ. ಯಾರದೂ ತಪ್ಪಿಸಿಲ್ಲ."

"ಭಾನುವಾರ ಯಾರಿಗೆ ಕೊಡ್ತೀರಾ ಈಗ?"

ಅವರು ಸ್ವಲ್ಪ ನಾಚಿಕೊಂಡ ಹಾಗೆ ಕಂಡಿತು. "ಭಾನುವಾರ ನಾನೇ ಇಟ್ಕೊಂಡಿದೀನಿ. ಈ ಕೊನೆಯಿಂದ ಆ ಕೊನೇವರ್ಗೂ ಕಡ್ಡಿ ಓಡಿಸ್ತೀನಿ. ನಂಗೇನು ಇಷ್ಟ ಅಂತ ಹುಡುಕ್ತಿದೀನಿ ಕಣೋ. ಅದಕ್ಕೇ ತಿರುಗಿಸ್ಕೊಂಡಿದ್ದು, ಊರ ಹೆಸ್ರೆಲ್ಲ ಕಾಣ್ಬೇಕಲ್ಲ. ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ ದಿನ ನಿಂಗೊಂದು ಕಾರ್ಡ್ ಹಾಕ್ತೀನಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಲು ಬಾಗಿಲ ಕಡೆ ತಿರುಗಿದೆ.

"ಒಳಗ್ ಬರ್ಬೇಡ. ಕಾಫಿ ಆಮೇಲೆ ಕೊಡ್ತೀನಿ. ಕಟ್ಟೆ ಮೇಲೆ ಕೂತ್ಕೊ, ಮುಖ ಕಾಣ್ಲಿ. ಹಾಡು ಶುರುವಾಗತ್ತೆ."

ಕೂತೆ. ಕಡಲೆಕಾಯಿ ಧಾರಣೆ ಮುಗಿಯಿತು. ಆ ದಿನ ಕುರಿಗಳ ಬದಲು ರೇಷ್ಮೆ ಹುಳುವಿನ ವಿಷಯ ಬಂತು. ಇಬ್ಬರೂ ಅದನ್ನೂ ಪೂರ್ತಿ ಕೇಳಿದೆವು. ಆಮೇಲೆ ದಪ್ಪಿನ ಸದ್ದು, ಆಮೇಲೆ ತಾಳ. ರೇಡಿಯೊ ಆ ಕಡೆ ಮುಖ ಮಾಡಿದ್ದರಿಂದ ದನಿ ನನಗೆ ಸ್ವಲ್ಪ ದೂರದಿಂದ ಬಂದ ಹಾಗೆ ಕೇಳುತ್ತಿತ್ತು, ಪಕ್ಕದ ಬೀದಿಯ ಗುಡಿಯಿಂದ ಬಂದ ಹಾಗೆ. ನನ್ನ ಕೈ ತೊಡೆಯ ಮೇಲೆ ಏಳತೊಡಗಿತು. ರೇಡಿಯೊದ ಬೆನ್ನಿನಲ್ಲಿ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಅದರ ಮೇಲಿನಿಂದ ಕನ್ನಡಕ ನನ್ನನ್ನೇ ನೋಡುತ್ತಿತ್ತು. ಆ ದಿನ ನಾನೂ ಹಾಡು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ.

ಮಾರನೆಯ ವರ್ಷ ನಗರ್ತಪೇಟೆಯಲ್ಲಿ ಬಾಬಣ್ಣ ಸಿಕ್ಕಿದಾಗ ಪದ್ದಮ್ಮನವರು ತೀರಿಹೋದ ಸುದ್ದಿ ಹೇಳಿದ. ಅವರಿಂದ ನನಗೆ ಕಾರ್ಡ್ ಬರಲಿಲ್ಲ.